ಬಲ ತುಂಬುವ ಮುನ್ನ

ಬಲವನ್ನು ಬೇಡದವರು ಈ ಜಗತ್ತಿನಲ್ಲಿ ಯಾರಿದ್ದಾರೆ? ಒಕ್ಕಲಿಗನು ಎತ್ತಿಗೆ ಬಲ ಬರಲೆಂದು ಹಿಂಡಿ ತಿನ್ನಿಸುತ್ತಾನೆ. ತಾಯಿಯು ಮಗುವಿಗೆ ಬಲ ಬರಲೆಂದು ಹಾಲು ಕುಡಿಸುತ್ತಾಳೆ. ವ್ಯಾಪಾರಸ್ಥನು ಅಂಗಡಿಗೆ ಬಲ ಬರಲೆಂದು ಸಾಲ ತರುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗಿನಿಂದ ತಂದು ತುಂಬಿದ ಬಲವನ್ನು ತಾಳಿಕೊಳ್ಳುವ ಶಕ್ತಿ ಒಡಲಿಗೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆಯ ಮಹತ್ವವನ್ನು ನನಗೂ ನನ್ನ ಮಗನಿಗೂ ಒಟ್ಟಿಗೆ ಮನಗಾಣಿಸಿದ್ದು ಒಂದು ಹಳೆಯ ಇಂಗ್ಲಿಷ್ ಕಾರು. ಆ ವೃತ್ತಾಂತವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂಬ ಹಂಬಲದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆಯ ಶಿಗ್ಲಿಯವನು. ಮೊದಲು ಶಿರಹಟ್ಟಿ ತಾಲೂಕಿನಲ್ಲಿದ್ದ ನಮ್ಮೂರು ಈಗ ಲಕ್ಷ್ಮೇಶ್ವರ ತಾಲೂಕಿಗೆ ಸೇರಿದೆ. ನೇಕಾರಿಕೆಗೆ ಹೆಸರಾದ ಊರು. ನಮ್ಮದು ಒಕ್ಕಲುತನದ ಮನೆಯಾದರೂ ಹಿಂದಿನ ಓಣಿಯ ಮಗ್ಗಗಳ ಸದ್ದು ಕೇಳುತ್ತಲೇ ನಾನು ಬೆಳೆದೆ. ಏಳನೆಯ ಇಯತ್ತೆ ಮುಗಿಸಿ, 1973ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಸೇರಿದೆ. ಪಾನಾ ತೊಳೆಯುವ ಹುಡುಗನಾಗಿ ಹೋದವನು ಮಿಸ್ತ್ರಿ ಎನಿಸಿಕೊಂಡು, ನಾಲ್ಕು ದಶಕಗಳ ಬಳಿಕ ಊರಿಗೆ ಮರಳಿದೆ. ಆ ಅವಧಿಯಲ್ಲಿ ನನ್ನ ಕೈಯಲ್ಲಿ ಹಾಯ್ದ ಕಾರುಗಳಲ್ಲಿ ಹೆಚ್ಚಿನವು ಅಂಬಾಸಡರ್ ಟ್ಯಾಕ್ಸಿಗಳೇ. ಅದರ ಎಂಜಿನ್ನಿನ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲೆನೆಂಬ ಹೆಮ್ಮೆ ನನ್ನದಾಗಿತ್ತು.

ನನ್ನ ಹಿರಿಯ ಮಗನು ಹತ್ತನೆಯ ವಯಸ್ಸಿನಲ್ಲಿಯೇ ವಸತಿ ಶಾಲೆಗೆ ಹೋದವನು. ಅಲ್ಲಿಂದ ಕಾಲೇಜು, ಅಲ್ಲಿಂದ ಬೆಂಗಳೂರು, 2009ರಲ್ಲಿ ಇಂಗ್ಲೆಂಡು. ಈಗ ಅವನ ಸಂಸಾರ ಆಕ್ಸ್‌ಫರ್ಡ್ ನಗರದ ಅಂಚಿನಲ್ಲಿ ನೆಲೆಸಿದೆ. ಹೀಗೆ ದೂರ ದೂರವೇ ಬೆಳೆದ ಮಗನೊಡನೆ ನನಗೆ ಆಡಲು ಮಾತೇ ಇರುತ್ತಿರಲಿಲ್ಲ. ದೂರವಾಣಿಯಲ್ಲಿ ನಮ್ಮ ಸಂಭಾಷಣೆ ಎರಡು ನಿಮಿಷ ಮೀರಿದ್ದು ಅಪರೂಪ.

"ಊಟ ಆತೇನು ತಮ್ಮಾ?"

"ಆತ್ರಿ ಅಪ್ಪಾ."

"ಮಳಿ ಐತೇನು?"

"ಇಲ್ಲಿ ಯಾವಾಗ್ಲೂ ಮಳೀನ ಅಪ್ಪಾ. ಅವ್ವನ ಕಡೆ ಕೊಡ್ರಿ."

ಇಷ್ಟೇ. ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿಗೆ ಆಡಿಕೊಳ್ಳಲು ಒಂದು ವಿಷಯ ಬೇಕಾಗಿತ್ತು. 2023ರ ಏಪ್ರಿಲ್ ತಿಂಗಳಲ್ಲಿ ಸೊಸೆಯು ಒತ್ತಾಯಿಸಿ ನಮ್ಮಿಬ್ಬರನ್ನೂ ಐದು ತಿಂಗಳ ಮಟ್ಟಿಗೆ ಕರೆಸಿಕೊಂಡಳು. ಒತ್ತಾಯದ ಕಾರಣವನ್ನು ಆಗ ಅವಳು ಹೇಳಲಿಲ್ಲ.

ಹೋದ ಮರುದಿನವೇ ಮಗನು ನನ್ನನ್ನು ಮನೆಯ ಪಕ್ಕದ ಗ್ಯಾರೇಜಿಗೆ ಕರೆದೊಯ್ದು ಹೊದಿಕೆ ಸರಿಸಿದನು. ಒಳಗೆ ಕಡುಹಸಿರು ಬಣ್ಣದ, ಎರಡು ಆಸನಗಳ, ಮಡಚುವ ಛಾವಣಿಯ ಒಂದು ಕಾರು. 1972ರ ಎಂ.ಜಿ.ಬಿ. ಎಂ.ಜಿ. ಎಂದೊಡನೆ ನಮ್ಮ ಕಡೆಯ ಓದುಗರಿಗೆ 2019ರಿಂದ ರಸ್ತೆಯಲ್ಲಿ ಕಾಣುತ್ತಿರುವ ಹೆಕ್ಟರ್ ಕಾರು ನೆನಪಾದೀತು. ಆ ಹೆಸರಿನ ಮೂಲ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್ ಎಂಬವರು ಆರಂಭಿಸಿದ ಆ ಸಂಸ್ಥೆಯಲ್ಲಿ, ಸೆಸಿಲ್ ಕಿಂಬರ್ ಎಂಬವರ ಮುಂದಾಳುತನದಲ್ಲಿ, 1920ರ ದಶಕದಲ್ಲಿ ಈ ಹಗುರ ಓಟದ ಕಾರುಗಳು ಹುಟ್ಟಿಕೊಂಡವು. 1929ರಿಂದ 1980ರವರೆಗೆ ಅವು ಸಮೀಪದ ಅಬಿಂಗ್ಡನ್ ಪಟ್ಟಣದಲ್ಲಿ ತಯಾರಾಗುತ್ತಿದ್ದವು. ಎಂ.ಜಿ.ಬಿ. ಮಾದರಿಯು 1962ರಿಂದ 1980ರವರೆಗೆ ಬಂದಿತು. ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಿದ್ದವು.

ಮಗನು ಬಾನೆಟ್ಟನ್ನು ಎತ್ತಿದಾಗ ನನಗೆ ಪರದೇಶದಲ್ಲಿ ಬಂಧುವನ್ನು ಕಂಡಂತಾಯಿತು. ಅದು ನಮ್ಮ ಅಂಬಾಸಡರಿನ ಎಂಜಿನ್ನಿನ ದಾಯಾದಿ! ಕೌತುಕಕ್ಕೆ ಕಾರಣವಿಲ್ಲ. ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರು, ಇದೇ ಆಕ್ಸ್‌ಫರ್ಡಿನ ಕೌಲಿ ಕಾರಖಾನೆಯ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಪ್ರತಿರೂಪ. ಅದರಲ್ಲಿ ದಶಕಗಟ್ಟಲೆ ಇದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು 'ಬಿ ಶ್ರೇಣಿ' ಎಂಬ ಮನೆತನದ್ದು. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಅದೇ ಮನೆತನದ್ದು. ನಮ್ಮದರ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗುಗಳಾದರೆ, 1964ರ ಬಳಿಕದ ಎಂ.ಜಿ.ಬಿ.ಗೆ ಐದು. ನಮ್ಮದು ಸಂಸಾರ ಹೊತ್ತು ನಡೆಯುವ ಎತ್ತು, ಇದು ಓಟದ ಹೋರಿ. ತಳಿ ಮಾತ್ರ ಒಂದೇ. ಆ ಕ್ಷಣದಿಂದ ನನಗೂ ಮಗನಿಗೂ ಮಾತು ಸಿಕ್ಕಿತು.

ಗ್ಯಾರೇಜಿನ ಮೂಲೆಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. "ಅಪ್ಪಾ, ಇದು ಸೂಪರ್‌ಚಾರ್ಜರ್. ಜೂನ್ ತಿಂಗಳಾಗ ಇಲ್ಲೆ ಹಳೇ ಕಾರಿನ ಮೇಳ ಐತಿ. ಅಷ್ಟರೊಳಗ ಇದನ್ನ ಕುಂದ್ರಿಸಬೇಕು. ನೀವು ಬಂದೀರಿ ಅಂತ ಇನ್ನೂ ಪೆಟ್ಟಿಗಿ ಬಿಚ್ಚಿಲ್ಲ" ಎಂದನು. ಅವನ ಕಣ್ಣಿನ ಹೊಳಪು ನೋಡಿ ನನಗೆ ಸಂತೋಷವಾಯಿತು. ಕಣ್ಣಿನ ಕೆಳಗಿನ ಕಪ್ಪು ನೋಡಿ ಸ್ವಲ್ಪ ಚಿಂತೆಯೂ ಆಯಿತು.

ಸೂಪರ್‌ಚಾರ್ಜರ್ ಎಂದರೇನು ಎಂಬುದನ್ನು ಇಲ್ಲಿ ಸರಳವಾಗಿ ಹೇಳುವೆ. ಕಮ್ಮಾರನ ಕುಲುಮೆಯನ್ನು ಎಲ್ಲರೂ ಕಂಡಿದ್ದೇವೆ. ಇದ್ದಿಲು ತಾನಾಗಿ ಉರಿದರೆ ಕಬ್ಬಿಣ ಕೆಂಪಾಗದು. ತಿದಿ ಒತ್ತಿದರೆ ಗಾಳಿ ನುಗ್ಗಿ ಬೆಂಕಿ ಬೆಳ್ಳಗಾಗುತ್ತದೆ. ಎಂಜಿನ್ನೂ ಒಂದು ಕುಲುಮೆಯೇ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ, ಅದರೊಡನೆ ಪೆಟ್ರೋಲು ಸೇರಿ ಉರಿಯುತ್ತದೆ. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಪೆಟ್ರೋಲು ಉರಿಸಬಹುದು. ಹೆಚ್ಚು ಉರಿದರೆ ಹೆಚ್ಚು ಬಲ. ಗಾಳಿಯನ್ನು ಒತ್ತಿ ತುಂಬುವ ತಿದಿಯೇ ಸೂಪರ್‌ಚಾರ್ಜರ್. ನಮ್ಮ ಲಾರಿಗಳ ಹಿಂದೆ 'ಟರ್ಬೊ' ಎಂದು ಬರೆದಿರುವುದನ್ನು ಓದುಗರು ನೋಡಿದ್ದಾರೆ. ಅದೂ ಇದೇ ಕೆಲಸ ಮಾಡುತ್ತದೆ. ಆದರೆ ಟರ್ಬೊ ತಿರುಗುವುದು ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಿಂದ, ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನ ಪುಲ್ಲಿಗೆ ಹಾಕಿದ ಬೆಲ್ಟಿನಿಂದ. ಎಂದರೆ ಇದು ಕೊಡುವ ಮೊದಲು ತಾನೇ ಎಂಜಿನ್ನಿನಿಂದ ಸ್ವಲ್ಪ ಬಲವನ್ನು ತೆಗೆದುಕೊಳ್ಳುತ್ತದೆ. ಪುಕ್ಕಟೆಯಾಗಿ ಬರುವ ಬಲ ಎಲ್ಲಿಯೂ ಇಲ್ಲ.

ಈ ತಿದಿಯ ಹುಟ್ಟಿನ ಕಥೆ ನಮ್ಮ ಶಿಗ್ಲಿಯವರಿಗೆ ಹಿಡಿಸುವಂಥದು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಸಹೋದರರು ಉಣ್ಣೆಯ ಬಟ್ಟೆಯ ಗಿರಣಿ ನಡೆಸುತ್ತಿದ್ದರು. ಗಿರಣಿಯ ನೀರಿನ ಚಕ್ರಕ್ಕೆ ಬದಲಾಗಿ ಒಂದು ಪೆಟ್ಟಿಗೆಯೊಳಗೆ ಎರಡು ಮರದ ದಳಗಳು ಜೊತೆಗೂಡಿ ತಿರುಗುವ ಯಂತ್ರವನ್ನು ಮಾಡಿ ನೋಡಿದರಂತೆ. ನೀರು ಹೀರಿ ಮರ ಉಬ್ಬಿ ಯಂತ್ರ ಸಿಕ್ಕಿಕೊಂಡಿತು. ಆದರೆ ಅದನ್ನು ಕೈಯಿಂದ ತಿರುಗಿಸಿದಾಗ ಜೋರಾಗಿ ಗಾಳಿ ಬೀಸಿತು. ನೀರಿಗೆಂದು ಮಾಡಿದ್ದು ಹೀಗೆ ಗಾಳಿಗೆ ಒದಗಿತು. 1860ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು, ಎರಕದ ಕುಲುಮೆಗಳಿಗೆ ಗಾಳಿ ಊದುವ ಸಾಧನವಾಯಿತು. ಮುಂದೆ ಮೋಟಾರು ಕಾರುಗಳಿಗೆ ಬಂದಿತು. ಬಟ್ಟೆ ನೇಯುವವರ ಮನೆಯಲ್ಲಿ ಹುಟ್ಟಿದ ಯಂತ್ರ!

ಮಗನ ಪೆಟ್ಟಿಗೆಯಲ್ಲಿದ್ದುದು ಈಟನ್ ಎಂಬ ಕಂಪನಿಯ ಎಂ45. ತಿರುಚಿದ ಮೂರು ದಳಗಳ ಎರಡು ರೋಟರುಗಳು ಅದರೊಳಗೆ ಒಂದಕ್ಕೊಂದು ಸೋಕದಂತೆ ತಿರುಗುತ್ತವೆ. ಇದೇ ಎಂ45 ತಿದಿಯನ್ನು 2000ರ ದಶಕದ ಮೊದಲ ವರ್ಷಗಳಲ್ಲಿ, ಅದೇ ಕೌಲಿಯಲ್ಲಿ ತಯಾರಾದ ಮಿನಿ ಕೂಪರ್ ಎಸ್ ಕಾರಿಗೂ ಅಳವಡಿಸುತ್ತಿದ್ದರು. ಇದು ಒಂದು ಸುತ್ತಿಗೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ಗಾಳಿಯನ್ನು ದಾಟಿಸುತ್ತದೆ. ಎಂ.ಜಿ.ಬಿ. ಎಂಜಿನ್ನು ಒಂದು ಸುತ್ತಿಗೆ ಹೀರುವುದು ಸುಮಾರು 0.9 ಲೀಟರು. ಚಿಕ್ಕ ಪುಲ್ಲಿಯಿಂದಾಗಿ ತಿದಿಯು ಎಂಜಿನ್ನಿಗಿಂತ ವೇಗವಾಗಿ ತಿರುಗುವುದರಿಂದ, ಎಂಜಿನ್ನು ಕುಡಿಯಬಲ್ಲುದಕ್ಕಿಂತ ಹೆಚ್ಚು ಗಾಳಿ ಬಾಯಿಗೆ ಬಂದು ಒತ್ತುತ್ತದೆ. ಆ ಒತ್ತಡ ಸುಮಾರು 6 ಪೌಂಡು. ವಾತಾವರಣದ ಸಹಜ ಒತ್ತಡವೇ ಚದರ ಇಂಚಿಗೆ 14.7 ಪೌಂಡು ಎಂಬುದನ್ನು ನೆನೆದರೆ, ಆರು ಪೌಂಡು ಸಣ್ಣ ಮಾತಲ್ಲ. ಹೊಸದಿದ್ದಾಗ ಸುಮಾರು 95 ಕುದುರೆಶಕ್ತಿ ಇದ್ದ ಎಂಜಿನ್ನಿಗೆ, ಐವತ್ತು ವರ್ಷಗಳ ಬಳಿಕ, ಮೂರನೆಯ ಒಂದು ಪಾಲಿನಷ್ಟಾದರೂ ಹೆಚ್ಚಿನ ಭಾರ.

"ಕುಂದ್ರಿಸೋಣು ತಮ್ಮಾ. ಮೊದಲ ಕಂಪ್ರೆಶನ್ ನೋಡೋಣು" ಎಂದೆ.

"ಎಂಜಿನ್ ಛೊಲೋ ಓಡತೈತ್ರಿ ಅಪ್ಪಾ. ಸದ್ದು ಕೇಳ್ರಿ, ಗಡಿಯಾರ ಇದ್ದಂಗೈತಿ."

"ಸುಮ್ಮನ ನಡ್ಯಾಕ ಛೊಲೋ ಐತಿ. ಮೂಟಿ ಹೊರಾಕ ಐತೇನು ನೋಡಬೇಕಲ್ಲ?"

ಅವನಿಗೆ ರುಚಿಸಲಿಲ್ಲ. ಆದರೂ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಗೇಜು ಹಿಡಿದೆವು. ಒಂದನೆಯ ಸಿಲಿಂಡರಿನಲ್ಲಿ 160 ಪೌಂಡು, ಎರಡನೆಯದರಲ್ಲಿ 155, ನಾಲ್ಕನೆಯದರಲ್ಲಿ 158. ಮೂರನೆಯದರಲ್ಲಿ ಮುಳ್ಳು 115ಕ್ಕೆ ನಿಂತಿತು. ಮತ್ತೊಮ್ಮೆ ನೋಡಿದರೂ ಅಷ್ಟೇ. ಒಂದು ಚಮಚ ಎಂಜಿನ್ ಎಣ್ಣೆಯನ್ನು ಅದೇ ಸಿಲಿಂಡರಿಗೆ ಬಿಟ್ಟು ಪುನಃ ನೋಡಿದೆವು. ಪಿಸ್ಟನ್ ರಿಂಗು ಸವೆದಿದ್ದರೆ ಎಣ್ಣೆಯು ಸಂದನ್ನು ಮುಚ್ಚಿ ಮುಳ್ಳು ಮೇಲೇರುತ್ತದೆ. ಏರಲಿಲ್ಲ. ಎಂದರೆ ರೋಗ ಇರುವುದು ವಾಲ್ವಿನಲ್ಲಿ.

ಇದು ನನಗೆ ಪರಿಚಯದ ರೋಗ. ಹಿಂದಿನ ಕಾಲದ ಪೆಟ್ರೋಲಿನಲ್ಲಿ ಸೀಸದ ಅಂಶವಿರುತ್ತಿತ್ತು. ಅದು ವಿಷವಾದರೂ ಎಕ್ಝಾಸ್ಟ್ ವಾಲ್ವು ಕೂರುವ ಪೀಠಕ್ಕೆ ಒಂದು ತೆಳುವಾದ ಕವಚದಂತೆ ನೆರವಾಗುತ್ತಿತ್ತು. ನಮ್ಮಲ್ಲಿಯೂ ಅಲ್ಲಿಯೂ 2000ದ ಇಸವಿಯ ಹೊತ್ತಿಗೆ ಸೀಸದ ಪೆಟ್ರೋಲು ನಿಂತಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಈ ಹಳೆಯ ಎಂಜಿನ್ನುಗಳಲ್ಲಿ ವಾಲ್ವಿನ ಪೀಠವು ಸಾದಾ ಎರಕದ ಕಬ್ಬಿಣದ್ದು. ಕವಚ ಹೋದ ಮೇಲೆ ಅದು ನಿಧಾನವಾಗಿ ಸವೆಯುತ್ತದೆ, ವಾಲ್ವು ಒಳಗೆ ಕುಸಿಯುತ್ತದೆ, ಟ್ಯಾಪೆಟ್ಟಿನ ಸಂದು ಕಡಿಮೆಯಾಗುತ್ತ ಹೋಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚದೆ, ಉರಿಯು ಅದರ ಅಂಚನ್ನೇ ಸುಡುತ್ತದೆ. ವಿಚಿತ್ರವೆಂದರೆ ಸಂದು ಕಡಿಮೆಯಾದಾಗ ಟ್ಯಾಪೆಟ್ಟಿನ ಕಟಕಟ ಸದ್ದೂ ಕಡಿಮೆಯಾಗುತ್ತದೆ. ಮಗನಿಗೆ ಗಡಿಯಾರದಂತೆ ಕೇಳಿದ ಆ ಮೆತ್ತನೆಯ ಸದ್ದೇ ರೋಗದ ಗುರುತಾಗಿತ್ತು. ಅದರಲ್ಲಿಯೂ ಬಿ ಶ್ರೇಣಿಯ ಹೆಡ್ಡಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಹೊಗೆ ಒಂದೇ ಕಿಂಡಿಯಿಂದ ಹೊರಹೋಗುತ್ತದೆ. ಕಾವೆಲ್ಲ ಅಲ್ಲಿಯೇ ಕೂಡುವುದರಿಂದ, ಸೋಲುವುದಿದ್ದರೆ ಆ ಜಾಗವೇ ಮೊದಲು ಸೋಲುತ್ತದೆ. ಆ ಸ್ಥಿತಿಯಲ್ಲಿ ಆರು ಪೌಂಡು ಗಾಳಿ ತುಂಬಿದ್ದರೆ ವಾಲ್ವು ಬಹುಕಾಲ ಉಳಿಯುತ್ತಿರಲಿಲ್ಲ.

ಹೆಡ್ಡನ್ನು ಬಿಚ್ಚಬೇಕು, ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಬೇಕು, ಅದಕ್ಕೆ ವಾರಗಳೇ ಬೇಕು. ಜೂನಿನ ಮೇಳ ತಪ್ಪಿತು. ಮಗನು ಪಾನಾವನ್ನು ಬೆಂಚಿನ ಮೇಲಿಟ್ಟು ಮಾತಿಲ್ಲದೆ ಒಳಗೆ ಹೋದನು.

ಅಂದು ರಾತ್ರಿ ಊಟವಾದ ಮೇಲೆ ಸೊಸೆಯು ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು. "ಮಾವಾರ, ಕಾರಿನ ಕಂಪ್ರೆಶನ್ ನೋಡಿದ್ರಿ. ನಿಮ್ಮ ಮಗಂದೂ ಒಂದ್ಸಲ ನೋಡ್ರಿ." ಹಿಂದಿನ ಚಳಿಗಾಲದಲ್ಲಿ ಅವನು ಕಚೇರಿಯಲ್ಲಿ ತಲೆ ಸುತ್ತಿ ಕುಸಿದಿದ್ದನಂತೆ. ರಕ್ತದೊತ್ತಡ 160ಕ್ಕೆ 100. ವೈದ್ಯರು ಗುಳಿಗೆ ಕೊಟ್ಟು, ನಿದ್ರೆ ಹೆಚ್ಚಿಸಿ ಕೆಲಸ ತಗ್ಗಿಸಲು ಹೇಳಿದ್ದರು. ಆದರೆ ತನ್ನ ಕೆಲಸದ ಜೊತೆಗೆ, ಬಿಟ್ಟುಹೋದ ಇನ್ನೊಬ್ಬರ ಕೆಲಸವನ್ನೂ ಅವನು ಎಂಟು ತಿಂಗಳಿನಿಂದ ಹೊತ್ತಿದ್ದನು. ರಾತ್ರಿ ಬೇರೆ ದೇಶದವರೊಡನೆ ಸಭೆ, ಬೆಳಿಗ್ಗೆ ಈ ದೇಶದವರೊಡನೆ ಸಭೆ. ಮುಂದಿನ ವರ್ಷ ಮೇಲಿನ ಹುದ್ದೆ ಸಿಕ್ಕೀತೆಂಬ ಆಸೆ. ನಮಗೆ ತಿಳಿಸಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದನು. ಅವಳು ನಮ್ಮನ್ನು ಕರೆಸಿಕೊಂಡ ಕಾರಣ ನನಗೆ ಆಗ ಅರಿವಾಯಿತು.

ಯಂತ್ರದಲ್ಲಿ 160 ಬಂದರೆ ಹಿಗ್ಗುವ ನಾನು, ಮಗನ ದೇಹದಲ್ಲಿ ಅದೇ ಅಂಕಿಯನ್ನು ಕೇಳಿ ರಾತ್ರಿಯೆಲ್ಲ ಎಚ್ಚರವಿದ್ದೆ. ಮೂವತ್ತೆಂಟರ ಗಂಡಸಿಗೆ ಹೀಗೆ ಮಾಡು ಹಾಗೆ ಮಾಡು ಎಂದು ತಂದೆ ಹೇಳಿದರೆ ನಡೆಯುವ ಕಾಲವಲ್ಲ. ಆಡಿದ ಮಾತು ಮನಸ್ಸನ್ನು ಮುಚ್ಚಿಸೀತೇ ಹೊರತು ತೆರೆಸದು. ನಾನು ಆ ವಿಷಯವನ್ನು ಎತ್ತಲಿಲ್ಲ. ಮರುದಿನ ಬೆಳಿಗ್ಗೆ, "ತಮ್ಮಾ, ರಾತ್ರಿ ಎಂಟರಿಂದ ಹತ್ತರ ತನಕ ನನಗ ಕೊಡು. ಒಬ್ಬನ ಕೈಲೆ ಹೆಡ್ ಎತ್ತಾಕ ಆಗೂದಿಲ್ಲ" ಎಂದೆ. ಆ ಎರಡು ತಾಸು ಅವನ ಸಭೆಗಳ ಹೊತ್ತು ಎಂಬುದು ನನಗೆ ಗೊತ್ತಿತ್ತು. ಒಂದು ಕ್ಷಣ ಸುಮ್ಮನಿದ್ದು, "ಆತ್ರಿ ಅಪ್ಪಾ" ಎಂದನು.

ಮುಂದಿನ ಆರು ವಾರ ಆ ಗ್ಯಾರೇಜು ನಮ್ಮ ಪಾಲಿಗೆ ಊರ ಕಟ್ಟೆಯಾಯಿತು. ಹೆಡ್ಡು ಬಿಚ್ಚಿದೆವು. ಮೂರನೆಯ ಎಕ್ಝಾಸ್ಟ್ ವಾಲ್ವಿನ ಅಂಚು ಕಚ್ಚಿದ ರೊಟ್ಟಿಯಂತೆ ಸುಟ್ಟುಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದು ಮಗನು ಬಹಳ ಹೊತ್ತು ನೋಡಿದನು. ಹೆಡ್ಡು ಯಂತ್ರಾಲಯಕ್ಕೆ ಹೋಗಿ ಬರುವವರೆಗೆ ರೇಡಿಯೇಟರ್ ತೊಳೆದೆವು, ನೀರಿನ ಹಳೆಯ ಕೊಳವೆಗಳನ್ನು ಬದಲಿಸಿದೆವು, ಬ್ರೇಕುಗಳನ್ನು ಬಿಚ್ಚಿ ಸರಿಪಡಿಸಿದೆವು. "ಬ್ರೇಕಿಗೂ ಸೂಪರ್‌ಚಾರ್ಜರಿಗೂ ಏನ್ ಸಂಬಂಧರಿ ಅಪ್ಪಾ?" ಎಂದು ಕೇಳಿದನು. "ಓಡೂ ಶಕ್ತಿ ಹೆಚ್ಚಾದಷ್ಟು ನಿಲ್ಲೂ ಶಕ್ತಿ ಮೊದಲ ಹೆಚ್ಚಾಗಬೇಕು" ಎಂದೆ. ಅದು ನನ್ನ ಮಿಸ್ತ್ರಿ ನನಗೆ ಕಲಿಸಿದ ಮಾತು.

ಕೆಲಸದ ನಡುವೆ ಮಗನು ತಾನು ಓದಿದ ಕಥೆಗಳನ್ನು ಹೇಳುತ್ತಿದ್ದನು. ಅವುಗಳಲ್ಲಿ ಬೆಂಟ್ಲಿ ಕಾರಿನ ಕಥೆ ನನಗೆ ಬಹಳ ಹಿಡಿಸಿತು. ಡಬ್ಲ್ಯು. ಓ. ಬೆಂಟ್ಲಿ ಎಂಬ ಮಹಾ ಎಂಜಿನಿಯರರು ಕಟ್ಟಿದ ನಾಲ್ಕೂವರೆ ಲೀಟರಿನ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಬೇಕೆಂದು ಟಿಮ್ ಬರ್ಕಿನ್ ಎಂಬ ಓಟಗಾರ ಹಟ ಹಿಡಿದನು. ಬಲ ಬೇಕಿದ್ದರೆ ಎಂಜಿನ್ನನ್ನೇ ದೊಡ್ಡದಾಗಿ ಕಟ್ಟಬೇಕು, ಇದ್ದುದರ ಬಾಯಿಗೆ ಗಾಳಿ ತುರುಕಬಾರದು ಎಂಬುದು ಬೆಂಟ್ಲಿಯವರ ನಿಲುವು. ಆದರೂ ಬರ್ಕಿನ್ನನ ಹಟ ಗೆದ್ದಿತು. ಡಾರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣ ಕೊಟ್ಟರು. ಆಮ್‌ಹರ್ಸ್ಟ್ ವಿಲಿಯರ್ಸ್ ಎಂಬವರು ತಿದಿಯನ್ನು ರೂಪಿಸಿದರು. ಎಲ್ಲ ಸೇರಿ 55 ಕಾರುಗಳಾದವು. ವೇಗದಲ್ಲಿ ಅವು ಅದ್ಭುತವೇ ಆಗಿದ್ದವು. ಆದರೆ 1930ರ ಲೆ ಮಾನ್ಸ್ ಎಂಬ ಇಪ್ಪತ್ನಾಲ್ಕು ತಾಸಿನ ಓಟದಲ್ಲಿ ಅವು ಗುರಿ ಮುಟ್ಟಲಿಲ್ಲ. ಆ ವರ್ಷ ಗೆದ್ದುದು ಬೆಂಟ್ಲಿಯವರದೇ ದೊಡ್ಡ ಎಂಜಿನ್ನಿನ, ತಿದಿಯಿಲ್ಲದ 'ಸ್ಪೀಡ್ ಸಿಕ್ಸ್'.

ಹಾಗಾದರೆ ತಿದಿಯೇ ಕೆಟ್ಟದ್ದೇ? ಅದಕ್ಕೆ ಉತ್ತರವನ್ನು ಕೊಟ್ಟದ್ದು ಎಂ.ಜಿ. ಸಂಸ್ಥೆಯೇ. ಅವರ ಕೆ3 ಎಂಬ ಓಟದ ಕಾರಿನ ಎಂಜಿನ್ನು ಕೇವಲ 1087 ಸಿ.ಸಿ. ಆದರೆ ಅದು ಸೂಪರ್‌ಚಾರ್ಜರಿನ ಭಾರ ಹೊರಲೆಂದೇ ಸಿದ್ಧವಾದ ಎಂಜಿನ್ನು. 1933ರಲ್ಲಿ ಇಟಲಿಯ ಸಾವಿರ ಮೈಲಿಯ ಓಟದಲ್ಲಿ ಅದು ತನ್ನ ವರ್ಗದಲ್ಲಿ ಗೆದ್ದಿತು, ತಂಡದ ಬಹುಮಾನವನ್ನೂ ತಂದಿತು. ಅದೇ ವರ್ಷ ಉತ್ತರ ಐರ್ಲೆಂಡಿನ ಟೂರಿಸ್ಟ್ ಟ್ರೋಫಿ ಓಟದಲ್ಲಿ ಇಟಲಿಯ ನುವೊಲಾರಿ ಅದನ್ನು ಓಡಿಸಿ ಗೆದ್ದರು. ತಿದಿ ಎರಡಕ್ಕೂ ಇತ್ತು. ಒಂದು ಒಡಲನ್ನು ಅದಕ್ಕಾಗಿ ಸಜ್ಜುಗೊಳಿಸಿದ್ದರು, ಇನ್ನೊಂದಕ್ಕೆ ಆಮೇಲೆ ಹೊರಿಸಿದ್ದರು. ಈ ಮಾತನ್ನು ನಾನು ಹೇಳಲಿಲ್ಲ. ವಾಲ್ವು ಉಜ್ಜುತ್ತ ಮಗನೇ ಹೇಳಿದನು. ಹೇಳಿ ಸ್ವಲ್ಪ ಹೊತ್ತು ಸುಮ್ಮನಾದನು. ಆಮೇಲೆ ತಾನಾಗಿಯೇ ತನ್ನ ಕಚೇರಿಯ ಕಥೆಯನ್ನೂ, ತಲೆ ಸುತ್ತಿ ಬಿದ್ದ ಕಥೆಯನ್ನೂ ನನ್ನ ಮುಂದೆ ಬಿಚ್ಚಿದನು. ನಾನು ಹೂಂಗುಟ್ಟುತ್ತ ಕೇಳಿದೆ. ಅಷ್ಟು ಮಾತುಗಳನ್ನು ಅವನು ನನ್ನೊಡನೆ ಅದುವರೆಗೆ ಎಂದೂ ಆಡಿರಲಿಲ್ಲ.

ಹೆಡ್ಡು ಮರಳಿ ಬಂದಿತು. ಬಿರುಕೇನೂ ಇರಲಿಲ್ಲ. ಹೊಸ ಪೀಠ, ಹೊಸ ವಾಲ್ವು, ಹೊಸ ಗ್ಯಾಸ್ಕೆಟ್. ಟ್ಯಾಪೆಟ್ಟಿನ ಸಂದನ್ನು ಇಂಚಿನ ಸಾವಿರದ ಹದಿನೈದು ಭಾಗಕ್ಕೆ ಇಟ್ಟೆವು. ಕೆಲವು ದಿನ ಓಡಿಸಿ ಗೇಜು ಹಿಡಿದರೆ ನಾಲ್ಕೂ ಸಿಲಿಂಡರುಗಳು 160ರ ಆಸುಪಾಸಿನಲ್ಲಿ ಸಮನಾಗಿದ್ದವು. ಆಗ, ಜುಲೈ ಕೊನೆಯಲ್ಲಿ, ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದೆವು.

ಅಳವಡಿಸುವ ಕೆಲಸ ನಾನೆಣಿಸಿದ್ದಕ್ಕಿಂತ ಸುಲಭವಾಯಿತು. ಎರಡು ಶನಿವಾರ, ಎರಡು ಭಾನುವಾರ. ಮೂಲದ ಎರಡು ಎಸ್.ಯು. ಕಾರ್ಬ್ಯುರೇಟರುಗಳನ್ನೂ ಅವುಗಳ ಮ್ಯಾನಿಫೋಲ್ಡನ್ನೂ ತೆಗೆದು, ಸ್ವಚ್ಛ ಮಾಡಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ಹೆಸರು ಬರೆದು ತೆಗೆದಿಟ್ಟೆವು. ಕಾರಿನ ಯಾವ ಭಾಗವನ್ನೂ ಕೊರೆಯಲಿಲ್ಲ, ಕತ್ತರಿಸಲಿಲ್ಲ. ಮುಂದೆ ಯಾರಾದರೂ ಬಯಸಿದರೆ ಕಾರು ಮೊದಲಿನಂತೆಯೇ ಆಗಬೇಕು ಎಂಬುದು ನಮ್ಮಿಬ್ಬರ ಒಪ್ಪಂದವಾಗಿತ್ತು. ಹೊಸ ಮ್ಯಾನಿಫೋಲ್ಡಿನ ಮೇಲೆ ತಿದಿ ಕುಳಿತಿತು. ಅದರ ಬಾಯಿಗೆ ಒಂದೇ ದೊಡ್ಡ ಕಾರ್ಬ್ಯುರೇಟರ್. ಪೆಟ್ರೋಲು ತಿದಿಯ ಮೊದಲೇ ಗಾಳಿಯೊಡನೆ ಬೆರೆಯುವುದರಿಂದ, ಅದು ಆವಿಯಾಗುವಾಗ ಒತ್ತಿದ ಗಾಳಿಯ ಕಾವನ್ನು ಅಷ್ಟಿಷ್ಟು ತಣಿಸುತ್ತದೆ. ಪುಲ್ಲಿಗಳು ಒಂದೇ ರೇಖೆಯಲ್ಲಿವೆಯೇ ಎಂದು ಮೂರು ಬಾರಿ ನೋಡಿ ಬೆಲ್ಟನ್ನು ಬಿಗಿದೆವು. ಒತ್ತಿದ ಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಗುದ್ದುವ ಭಯವಿರುತ್ತದೆ. ಅದಕ್ಕಾಗಿ ಕಿಡಿಯ ಟೈಮಿಂಗನ್ನು ಸ್ವಲ್ಪ ಹಿಂದೆ ತಂದೆವು, ಉತ್ತಮ ದರ್ಜೆಯ ಪೆಟ್ರೋಲನ್ನೇ ತುಂಬಿದೆವು.

ಮೊದಲ ಸವಾರಿ ಅಬಿಂಗ್ಡನ್ನಿಗೆ. ಕಾರು ಹುಟ್ಟಿದ ಊರಿಗೆ. ಸಣ್ಣ ಏರೊಂದು ಬಂದಾಗ ಗೇರು ಇಳಿಸದೆಯೇ ಮಗನು ಪೆಡಲನ್ನು ತುಸು ಒತ್ತಿದನು. ಗೇಜಿನ ಮುಳ್ಳು ಐದು ಪೌಂಡು ದಾಟಿತು, ತಿದಿ ಸಣ್ಣಗೆ ಸಿಳ್ಳು ಹಾಕಿತು. ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಕಾರು ಏರನ್ನು ಹತ್ತಿಬಿಟ್ಟಿತು. ನಾನು ಕಿವಿಗೊಟ್ಟು ಕುಳಿತಿದ್ದೆ. ಗುದ್ದುವ ಸದ್ದಿಲ್ಲ, ಕಾವಿನ ಮುಳ್ಳು ತನ್ನ ಜಾಗದಲ್ಲಿಯೇ ಇತ್ತು. ಮಗನು ಮತ್ತೆ ಕಾಲನ್ನು ಸಡಿಲಿಸಿ ಸಾವಕಾಶವಾಗಿ ಓಡಿಸತೊಡಗಿದನು. "ಬಲ ಐತಿ ಅಂತ ಗೊತ್ತಾದ್ರ ಸಾಕ್ರಿ ಅಪ್ಪಾ. ಹೊತ್ತೆಲ್ಲಾ ಅದನ್ನ ತೋರ್ಸೂದು ಬ್ಯಾಡ" ಎಂದನು.

ಆಗಸ್ಟ್ ತಿಂಗಳಲ್ಲಿ ಅವನು ಕಚೇರಿಯಲ್ಲಿ ಆ ಎರಡನೆಯ ಕೆಲಸದ ಹೊಣೆಯನ್ನು ಬಿಟ್ಟುಕೊಟ್ಟನು. ಮೇಲಿನ ಹುದ್ದೆ ಬೇರೆಯವರಿಗೆ ಹೋಯಿತು. ಆ ನೋವು ಅವನಿಗೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ನಾವು ಹೊರಡುವ ವಾರ ವೈದ್ಯರು ನೋಡಿದಾಗ ರಕ್ತದೊತ್ತಡ 130ಕ್ಕೆ 84 ಇತ್ತು. ಸೊಸೆಯು ಆ ಅಂಕಿಯನ್ನು ನನ್ನ ಕಂಪ್ರೆಶನ್ ಚೀಟಿಯ ಪಕ್ಕದಲ್ಲಿಯೇ ಗ್ಯಾರೇಜಿನ ಗೋಡೆಗೆ ಅಂಟಿಸಿದಳು.

ಹಳೆಯ ಕಾರುಗಳುಳ್ಳ ನಮ್ಮ ಕಡೆಯ ಮಹನೀಯರಿಗೆ ಒಂದು ಸೂಚನೆಯನ್ನು ಇಲ್ಲಿ ಕೊಡುವುದು ನನ್ನ ಕರ್ತವ್ಯ. ನಮ್ಮ ದೇಶದಲ್ಲಿ 2021ರ ಕೇಂದ್ರ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಮೂಲ ರೂಪವನ್ನು ಕಾಯ್ದುಕೊಂಡು ಎಂಜಿನ್ ಮೊದಲಾದವುಗಳಲ್ಲಿ ಗಣನೀಯ ಬದಲಾವಣೆ ಮಾಡದ ಖಾಸಗಿ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ನೋಂದಣಿ ದೊರೆಯುತ್ತದೆ. ಆದುದರಿಂದ ನನ್ನ ಮಗನು ಅಲ್ಲಿ ಮಾಡಿದ್ದನ್ನು ಇಲ್ಲಿ ಮಾಡಲು ಯಾರೂ ಅವಸರಿಸಬಾರದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಹಳೆಯ ಕಾರುಗಳನ್ನು ಕಂಡವರಿಗೆ, ಇದ್ದುದನ್ನು ಇದ್ದಂತೆ ಕಾಪಾಡುವುದೂ ಒಂದು ದೊಡ್ಡ ಕೆಲಸವೆಂಬುದು ತಿಳಿದೇ ಇದೆ.

ಊರಿಗೆ ಮರಳಿದ ಮೇಲೆ ನನಗೆ ನಮ್ಮ ಮಗ್ಗಗಳೇ ಬೇರೆಯಾಗಿ ಕಾಣತೊಡಗಿದವು. ಕುಣಿಮಗ್ಗಕ್ಕೆ ಮೋಟಾರು ಕಟ್ಟಿದರೆ ಅದು ವಿದ್ಯುತ್ ಮಗ್ಗವಾಗುವುದಿಲ್ಲ. ವಿದ್ಯುತ್ ಮಗ್ಗದ ಚೌಕಟ್ಟು ಎರಕದ ಕಬ್ಬಿಣದ್ದು, ಲಾಳಿಯ ಹೊಡೆತವನ್ನು ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ತಾಳಿಕೊಳ್ಳಲೆಂದು ನೆಲಕ್ಕೆ ಬಿಗಿದು ನಿಲ್ಲಿಸಿದ್ದು. ಮರದ ಮಗ್ಗಕ್ಕೆ ಆ ವೇಗ ಬಂದರೆ ಮೊದಲು ನೂಲು ಹರಿಯುತ್ತದೆ, ಆಮೇಲೆ ಕೀಲು ಕಳಚುತ್ತದೆ. ಮರದ ಮಗ್ಗ ಕೀಳೆಂದು ಇದರ ಅರ್ಥವಲ್ಲ. ಅದರ ನೇಯ್ಗೆಯ ಸೊಗಸೇ ಬೇರೆ. ಒಂದೊಂದು ಒಡಲಿಗೆ ಅದರದರ ಅಳತೆಯ ಬಲ.

ಇಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬೆಳಗಿನ ಐದಕ್ಕೆ ಒಂದು ಟ್ಯೂಶನ್ನು, ಸಂಜೆ ಏಳಕ್ಕೆ ಇನ್ನೊಂದು ಟ್ಯೂಶನ್ನು. ದುಡಿಯುವವರಿಗೆ ಹಗಲೊಂದು ಕೆಲಸ, ರಾತ್ರಿಯೊಂದು ಕೆಲಸ. ತುಂಬುವ ಆತುರ ಎಲ್ಲರಿಗೂ ಇದೆ. ಗೇಜು ಹಿಡಿದು ನೋಡುವ ತಾಳ್ಮೆ ಯಾರಿಗೂ ಇಲ್ಲ. ಸದ್ದಿಲ್ಲದೆ ಓಡುವ ಎಂಜಿನ್ನು ಸುಸ್ಥಿತಿಯಲ್ಲಿಯೇ ಇದೆ ಎಂದು ತಿಳಿಯಬೇಡಿ, ಸದ್ದಿಲ್ಲದೆ ಓದುವ ಮಗುವೂ ಹಾಗೆಯೇ. ಮಕ್ಕಳು ಮುಂದೆ ಹೋಗಬೇಡವೆಂದು ನಾನು ಹೇಳುವುದಿಲ್ಲ. ನನ್ನ ಮಗನ ಕಾರು ಏರು ಹತ್ತಿದ್ದನ್ನು ಕಂಡು ಹಿಗ್ಗಿದವನು ನಾನು. ಆದರೆ ಮನೆಯಲ್ಲಿ ಯಾರ ಮೂರನೆಯ ಸಿಲಿಂಡರು ಸೋಲುತ್ತಿದೆ ಎಂಬುದು ಪಕ್ಕದಲ್ಲಿ ಕುಳಿತು ಎರಡು ತಾಸು ಕಳೆದವರಿಗಷ್ಟೇ ತಿಳಿಯುತ್ತದೆ. ಆ ಎರಡು ತಾಸುಗಳನ್ನು ನಮ್ಮ ಹಿರಿಯರು ಮಕ್ಕಳಿಗಾಗಿ, ಮಕ್ಕಳು ಹಿರಿಯರಿಗಾಗಿ ಉಳಿಸಿಕೊಳ್ಳಲಿ ಎಂಬುದೇ ನನ್ನ ಪ್ರಾರ್ಥನೆ.

ಈಗ ಪ್ರತಿ ಭಾನುವಾರ ಸಂಜೆ ಮಗನ ದೂರವಾಣಿ ಬರುತ್ತದೆ. ಊಟ, ಮಳೆ ಮುಗಿದ ಮೇಲೆ ಟ್ಯಾಪೆಟ್ಟಿನ ಸಂದು, ಬೆಲ್ಟಿನ ಬಿಗಿ, ನಿದ್ರೆಯ ತಾಸು, ರಕ್ತದೊತ್ತಡದ ಅಂಕಿ, ಇಷ್ಟೂ ವಿಷಯಗಳು ಬರುತ್ತವೆ. ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ. ಈಗ ಫೋನಿಗಾಗಿ ಕಾಯುವ ಸರದಿ ಅವನ ಅವ್ವನದು.